ಐದು ವರ್ಷ ಓದಿಯೂ ಕೈಗೆ ಏನೂ ಬರದಿದ್ದಾಗ ನೀವು ಹೇಗೆ ನಿಂತಿರಿ?

ಸಿಂದಗಿ ಕಡೆಯವನು
ಸೋಮವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ.

ನನಗೆ 28 ವರ್ಷ. ಊರು ಸಿಂದಗಿ ತಾಲೂಕಿನಲ್ಲಿ. ವಿಜಯಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಬಿ.ಎ. ಮುಗಿದದ್ದು 2019ರಲ್ಲಿ. ಮರುವರ್ಷ ಕೊರೊನಾ. ಆಮೇಲೆ 545 ಪಿಎಸ್‌ಐ ಹುದ್ದೆಗಳಿಗೆ ಅರ್ಜಿ ಹಾಕಿದೆ. ರನ್ನಿಂಗ್, ಎದೆ ಅಳತೆ ಎಲ್ಲಾ ಪಾಸಾಗಿ 2021ರ ಅಕ್ಟೋಬರ್ 3ರಂದು ಪರೀಕ್ಷೆ ಬರೆದೆ. 2022ರ ಏಪ್ರಿಲ್‌ನಲ್ಲಿ ಆ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವಿನ ಎರಡೂಕಾಲು ವರ್ಷ ಅದೇ ಪುಸ್ತಕ, ಅದೇ ಚಾಪೆ, ಅದೇ ಗೋಡೆ. ಮರುಪರೀಕ್ಷೆಯಲ್ಲಿ ನನ್ನ ನಂಬರು ಬರಲಿಲ್ಲ. ಅದಾದ ಮೇಲೆ ಕೆಎಎಸ್ 384 ಹುದ್ದೆಗಳ ಪ್ರಿಲಿಮ್ಸ್. ಅದನ್ನೂ 2024ರಲ್ಲಿ ಎರಡು ಸಲ ಬರೆದೆವು, ಆಗಸ್ಟ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ. ಅಲ್ಲೂ ಆಗಲಿಲ್ಲ.

ಇದರ ಮೇಲೆ ನಮ್ಮ ತೊಗರಿಗೆ ನೆಟೆ ರೋಗ ಬಿತ್ತು. ನೋಡನೋಡುತ್ತಾ ಮೂರು ಎಕರೆ ಒಣಗಿ ನಿಂತಿತು. ಅಪ್ಪ ಸಾಲ ಎಷ್ಟಿದೆ ಅಂತ ಹೇಳುವುದಿಲ್ಲ. ನಾನು ಕೇಳುವುದಿಲ್ಲ.

ಈಗ ನಾಲ್ಕು ತಿಂಗಳಿಂದ ನನ್ನ ಸ್ಥಿತಿ ಸರಿಯಿಲ್ಲ. ಹನ್ನೊಂದಕ್ಕೆ ಏಳುತ್ತೇನೆ. ಪುಸ್ತಕ ತೆರೆದರೆ ಅಕ್ಷರ ತಲೆಗೆ ಹೋಗುವುದಿಲ್ಲ. ನನ್ನ ಜೊತೆ ರೂಮಿನಲ್ಲಿದ್ದವನಿಗೆ ನೌಕರಿ ಸಿಕ್ಕಿತು, ಅವನ ಫೋನನ್ನೂ ಎತ್ತುತ್ತಿಲ್ಲ. ಅವನ ಮೇಲೆ ಸಿಟ್ಟಿಲ್ಲ, ಏನು ಮಾತಾಡಬೇಕೋ ತಿಳಿಯುವುದಿಲ್ಲ. ಮನೆಯಲ್ಲಿ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ ಅಂತಲೇ ಹೇಳಿದ್ದೇನೆ.

ಸಿಕ್ಕವರೆಲ್ಲ ಗಟ್ಟಿಯಾಗಿರು ಅನ್ನುತ್ತಾರೆ. ಗಟ್ಟಿಯಾಗಿರುವುದು ಅಂದರೆ ಬೆಳಿಗ್ಗೆ ಎದ್ದು ಏನು ಮಾಡುವುದು? ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಭಾಷಣ ಬೇಡ. ನಿಮಗೆ ಇಂಥ ಕಾಲ ಬಂದಿದ್ದರೆ, ಆಗ ನೀವು ಏನು ಮಾಡಿದಿರಿ ಅಂತ ಹೇಳಿ ಸಾಕು.

ಉದ್ಯಮಬಾಗ ಎರಡನೇ ಪಾಳಿ
ಮಂಗಳವಾರ, ಬೆಳಿಗ್ಗೆ 7:15

ತಮ್ಮಾ, ರಾತ್ರಿ ಪಾಳಿ ಮುಗಿಸಿ ಬಂದು ಓದಿದೆ. ನಿದ್ದೆ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನಗೆ 33. ಹುಕ್ಕೇರಿ ಕಡೆಯವನು, ಡಿಪ್ಲೊಮಾ ಮೆಕ್ಯಾನಿಕಲ್. ಪುಣೆಯಲ್ಲಿ ಒಂದು ಕಂಪನಿಯಲ್ಲಿದ್ದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದ ಮೇಲೆ ಊರಿಗೆ ಬಂದೆ. ಎರಡು ತಿಂಗಳಾದ ಮೇಲೆ ಇನ್ನು ಬರಬೇಡ ಅಂತ ಮೆಸೇಜ್ ಬಂತು. ಐದು ತಿಂಗಳು ಮನೆಯಲ್ಲಿದ್ದೆ. ನೀನು ಬರೆದ ಹಾಗೇ ಹನ್ನೊಂದಕ್ಕೆ ಏಳುವುದು, ಫೋನು ನೋಡುವುದು, ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುವುದು.

ಕೊನೆಗೆ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಫೆಟ್ಲಿಂಗ್ ಕೆಲಸಕ್ಕೆ ಸೇರಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಎರಕ ಹೊಯ್ದ ಮೇಲೆ ತುಂಡಿನ ಅಂಚಿನಲ್ಲಿ ಉಳಿಯುವ ಹೆಚ್ಚುವರಿ ಲೋಹವನ್ನು ಗ್ರೈಂಡರ್ ಹಿಡಿದು ಉಜ್ಜುವ ಕೆಲಸ. ಧೂಳು, ಸದ್ದು, ಕಿಡಿ. ಡಿಪ್ಲೊಮಾ ಓದಿದವನು ಮಾಡುವ ಕೆಲಸ ಅಲ್ಲ ಅಂತ ಊರಲ್ಲಿ ಅಂದರು. ನನಗೂ ಮೊದಲ ವಾರ ಅಳು ಬಂದಿತ್ತು. ಆದರೆ ಮೂರನೇ ದಿನಕ್ಕೇ ರಾತ್ರಿ ನಿದ್ದೆ ಬಂತು. ಐದು ತಿಂಗಳಲ್ಲಿ ಮೊದಲ ಸಲ ಆರು ತಾಸು ಒಂದೇ ಸಮ ಮಲಗಿದೆ. ನಿದ್ದೆ ಸರಿಯಾದ ಮೇಲೆ ತಲೆ ಓಡತೊಡಗಿತು. ಎಂಟು ತಿಂಗಳ ನಂತರ ಅಲ್ಲೇ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರದ ಕೆಲಸ ಕಲಿತೆ. ಈಗ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಬೇರೆ ಕಡೆ, ಆ ಯಂತ್ರಗಳನ್ನು ಕೆಲಸಕ್ಕೆ ಹೊಂದಿಸುವ ಸೆಟ್ಟರ್ ಆಗಿದ್ದೇನೆ.

ಅದಕ್ಕೆ ಹೇಳುವುದು, ಓದು ಬಿಡು ಅಂತಲ್ಲ, ರೂಮು ಬಿಡು. ಅರ್ಧ ದಿನದ್ದಾದರೂ ಸರಿ, ಯಾವುದಾದರೂ ಕೆಲಸ ಹಿಡಿ. ಯಾರೋ ಒಬ್ಬರು ಬೆಳಿಗ್ಗೆ ಎಂಟಕ್ಕೆ ನಿನಗಾಗಿ ಕಾಯುತ್ತಿರಬೇಕು, ಹೋಗದಿದ್ದರೆ ಎಲ್ಲಿದ್ದೀಯಾ ಅಂತ ಕೇಳಬೇಕು. ಮತ್ತೆ ಓದಿಗೆ ಒಂದು ಗಡುವು ಹಾಕಿಕೋ. ಇಷ್ಟು ಪರೀಕ್ಷೆ, ಇಂಥ ತಿಂಗಳವರೆಗೆ. ಕೊನೆಯಿಲ್ಲದೆ ಕಾಯುವುದೇ ಮನುಷ್ಯನನ್ನು ತಿನ್ನುತ್ತದೆ ತಮ್ಮಾ.

ಇಳಕಲ್ ಹುಡುಗಿ
ಮಂಗಳವಾರ, ಮಧ್ಯಾಹ್ನ 1:05

ಉದ್ಯಮಬಾಗದ ಅಣ್ಣ ಹೇಳಿದ್ದು ಹುಡುಗರಿಗೆ ಸರಿ. ನನಗೆ ಒಪ್ಪಿಗೆಯಾಗಲಿಲ್ಲ, ಯಾಕೆ ಅಂತ ಹೇಳುತ್ತೇನೆ.

ನನಗೆ 25. ನಾವು ನೇಕಾರರು. ಮನೆಯಲ್ಲಿ ಕುಣಿಮಗ್ಗ ಇದೆ, ಅಪ್ಪ ನೇಯುತ್ತಾರೆ. ನಾನೂ ಅವ್ವನೂ ಕೊಂಡಿ ಹಾಕುತ್ತೇವೆ. ಇಳಕಲ್ ಸೀರೆಯ ಮೈ ಬೇರೆ ಹಾಸು (ಮಗ್ಗದ ಉದ್ದ ಎಳೆಗಳು), ಸೆರಗು ಬೇರೆ ಹಾಸು. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ಸಾವಿರಾರು ಎಳೆ. ಪ್ರತಿ ಸೀರೆಗೂ ಹೊಸದಾಗಿ ಇದೇ ಕೆಲಸ. ಹೀಗೆ ಕೆಲಸ ನನ್ನ ಕೈಯಲ್ಲಿ ಯಾವಾಗಲೂ ಇತ್ತು, ನನಗೆ ಅದರ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಓದಲು ಹೊತ್ತಿಗೆ.

ನೀವು ಗಡುವು ಹಾಕಿಕೋ ಅನ್ನುತ್ತೀರಿ. ನನಗೆ ಗಡುವು ಹಾಕಲು ಮನೆಯವರು ಕಾದು ಕೂತಿದ್ದಾರೆ. ಈ ಸಲ ಆಗದಿದ್ದರೆ ಮದುವೆ. ಹುಡುಗ ಸೋತು ಊರಿಗೆ ಬಂದರೆ ಹೊಲ ನೋಡಿಕೊ ಅನ್ನುತ್ತಾರೆ. ನಾವು ಸೋತು ಬಂದರೆ ಮರುವಾರ ನೋಡಲು ಬರುತ್ತಾರೆ. ಹಾಗಾಗಿ ಗಡುವನ್ನು ಮುಂದೆ ತಳ್ಳುತ್ತಾ ಹೋಗುವುದೇ ನನಗೆ ಈ ಮೂರು ವರ್ಷ ಉಸಿರಾಡಲು ಜಾಗ ಕೊಟ್ಟಿದೆ. ಪೊಲೀಸ್ ಕಾನ್‌ಸ್ಟೇಬಲ್ ಬರೆದೆ, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಬರೆದೆ, ಗ್ರಾಮ ಆಡಳಿತ ಅಧಿಕಾರಿ ಬರೆದೆ. ಒಂದರಲ್ಲಿ ಒಂದೂವರೆ ಅಂಕಕ್ಕೆ ಹೋಯಿತು. ಆ ದಿನ ನಾನು ಯಾರ ಜೊತೆಯೂ ಮಾತಾಡಲಿಲ್ಲ, ಸಂಜೆವರೆಗೂ ಕೊಂಡಿ ಹಾಕಿದೆ. ಮರುದಿನ ಅವ್ವ ನನ್ನ ಪುಸ್ತಕಗಳನ್ನು ಮಾಡಿನಿಂದ ತೆಗೆದು ನನ್ನ ಮುಂದೆ ಇಟ್ಟರು. ಏನೂ ಹೇಳಲಿಲ್ಲ. ನನ್ನ ಮನೆಯಲ್ಲಿ ನನ್ನ ಓದಿನ ಕಡೆ ಇರುವವರು ಅವರೊಬ್ಬರೇ.

ಸಿಂದಗಿ ಅಣ್ಣ, ನಿಮಗೆ ಓದುವ ಮನಸ್ಸು ಇನ್ನೂ ಇದ್ದರೆ ಬಿಡಬೇಡಿ. ಆದರೆ ಮನೆಯವರಿಗೆ ಸುಳ್ಳು ಹೇಳಬೇಡಿ. ನಾನು ಆ ಒಂದೂವರೆ ಅಂಕದ ವಿಷಯವನ್ನು ಅವ್ವನಿಗೆ ಅವತ್ತೇ ಹೇಳಿದ್ದೆ.

ಉದ್ಯಮಬಾಗ ಎರಡನೇ ಪಾಳಿ
ಮಂಗಳವಾರ, ಮಧ್ಯಾಹ್ನ 2:30

ತಂಗಿ, ನೀನು ಹೇಳಿದ್ದು ನನ್ನ ತಲೆಗೆ ಬಂದಿರಲೇ ಇಲ್ಲ. ನನ್ನ ತಂಗಿಗೂ ಇದೇ ಆಯಿತು, ಆಗ ನಾನು ಸುಮ್ನೆ ಇದ್ದೆ. ಗಡುವಿನ ಮಾತನ್ನು ಎಲ್ಲರಿಗೂ ಅಂತ ಹೇಳಿದ್ದು ತಪ್ಪು.

ಮಲಪ್ರಭೆ ದಂಡೆಯವ
ಮಂಗಳವಾರ, ರಾತ್ರಿ 9:20

ನಾನು ರಾಮದುರ್ಗ ತಾಲೂಕಿನವನು. 2019ರ ಆಗಸ್ಟ್‌ನಲ್ಲಿ ನನಗೆ 22 ವರ್ಷ. ನವಿಲುತೀರ್ಥ ಆಣೆಕಟ್ಟು ತುಂಬಿ ನೀರು ಬಿಟ್ಟಾಗ ಮಲಪ್ರಭೆ ಊರೊಳಗೆ ಬಂತು. ಬೆಳಗಾವಿ, ಬಾಗಲಕೋಟೆ ಎರಡೂ ಜಿಲ್ಲೆಗಳಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೇ ಏರಿದ್ದವು. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತ ಫೋಟೋ ನೀವೆಲ್ಲ ನೋಡಿರುತ್ತೀರಿ. ನಮ್ಮ ಮನೆಯ ಫೋಟೋ ಯಾರೂ ತೆಗೆದಿಲ್ಲ. ಮಣ್ಣಿನ ಗೋಡೆಯ ಮನೆ. ನೀರು ಇಳಿಯುವಾಗ ಗೋಡೆಯನ್ನೂ ಕರೆದುಕೊಂಡು ಇಳಿಯಿತು.

ನಾವು ಶಾಲೆಯಲ್ಲಿ ತೆರೆದ ಪರಿಹಾರ ಕೇಂದ್ರದಲ್ಲಿ ಹದಿನೆಂಟು ದಿನ ಇದ್ದೆವು. ವಿಚಿತ್ರ ಅನ್ನಿಸಬಹುದು, ಆ ಹದಿನೆಂಟು ದಿನ ನಾನು ಚೆನ್ನಾಗಿಯೇ ಇದ್ದೆ. ಯಾರ್‍ಯಾರಿಗೆ ರೊಟ್ಟಿ ಬಂತು, ಯಾವ ಮನೆಯಲ್ಲಿ ಕೂಸು ಇದೆ, ಯಾರಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಬೇಕು ಅಂತ ಪಟ್ಟಿ ಬರೆಯುವ ಕೆಲಸ ನನಗೆ ಬಿತ್ತು. ಬೇರೆ ಊರುಗಳಿಂದ ಟ್ರ್ಯಾಕ್ಟರ್ ತುಂಬಾ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬರುತ್ತಿತ್ತು. ರಾತ್ರಿ ಪಾಟೀಚೀಲದ ಮೇಲೆ ತಲೆ ಇಟ್ಟರೆ ನಿದ್ದೆ.

ಕಷ್ಟ ಶುರುವಾಗಿದ್ದು ಆಮೇಲೆ. ಮೊದಲು 10,000 ರೂಪಾಯಿ ಬಂತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಹೇಳಿತ್ತು, ಅದು ಕಟ್ಟಿದ ಹಾಗೆ ಹಂತ ಹಂತವಾಗಿ ಬರುವಂಥದ್ದು. ಅಡಿಪಾಯ ಹಾಕಲು ಮೊದಲು ಕೈಯಲ್ಲಿ ದುಡ್ಡು ಬೇಕಲ್ವಾ? ತಗಡಿನ ಶೆಡ್ಡಿನಲ್ಲಿ ಇದ್ದೆವು. ಫೆಬ್ರವರಿ ಹೊತ್ತಿಗೆ ಬಂದವರೆಲ್ಲ ಹೋಗಿದ್ದರು, ಪತ್ರಿಕೆಯಲ್ಲಿ ಬರುವುದು ನಿಂತಿತ್ತು. ಆಗ ನಾನು ಕುಸಿದೆ. ಒಂದು ದಿನ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಿಕ್ಕಿತು, ಒದ್ದೆಯಾಗಿ ಒಣಗಿ ಹಪ್ಪಳದ ಹಾಗೆ ಆಗಿತ್ತು. ಅದನ್ನು ಹಿಡಿದುಕೊಂಡು ಒಂದು ತಾಸು ಅತ್ತಿದ್ದೇನೆ. ಮನೆ ಬಿದ್ದಾಗ ಅತ್ತಿರಲಿಲ್ಲ.

ನನ್ನ ಒಬ್ಬ ಗೆಳೆಯ ಇದ್ದಾನೆ, ಹಾಲಿನ ಡೇರಿಯಲ್ಲಿ ಕೆಲಸ. ಅವನು ದಿನಾ ಸಂಜೆ ಬಂದು ಶೆಡ್ಡಿನ ಮುಂದೆ ಕೂರುತ್ತಿದ್ದ. ಸಮಾಧಾನ ಹೇಳುತ್ತಿರಲಿಲ್ಲ. ಒಂದು ದಿನ ಅಂಕಪಟ್ಟಿಯ ನಕಲು ಪ್ರತಿಗೆ ಅರ್ಜಿ ಹಾಕೋಣ ನಡಿ ಅಂದ. ಗಾಡಿಯಲ್ಲಿ ಕರೆದುಕೊಂಡು ಹೋದ. ಇನ್ನೊಂದು ದಿನ ಬ್ಯಾಂಕಿಗೆ. ಇನ್ನೊಂದು ದಿನ ಕಲ್ಲಿನ ದರ ಕೇಳಲು. ವಾರಕ್ಕೆ ಒಂದೇ ಒಂದು ಕೆಲಸ, ಅದಕ್ಕಿಂತ ಜಾಸ್ತಿ ಇಲ್ಲ. ಮನೆ ಮುಗಿಯಲು ಎರಡು ವರ್ಷ ಹಿಡಿಯಿತು.

ಸಿಂದಗಿ ದೋಸ್ತ, ನಿನ್ನ ರೂಮ್‌ಮೇಟ್‌ನ ಫೋನು ಎತ್ತು. ನನ್ನ ಗೆಳೆಯ ಬರದೇ ಇದ್ದಿದ್ದರೆ ನಾನಾಗಿಯೇ ಅವನನ್ನು ಕರೆಯುತ್ತಿರಲಿಲ್ಲ. ನಿನ್ನವನು ತಾನಾಗಿಯೇ ಫೋನು ಮಾಡುತ್ತಿದ್ದಾನೆ.

ನಸುಕಿನ ಓಟ
ಬುಧವಾರ, ಬೆಳಿಗ್ಗೆ 5:50

ಅಣ್ಣ, ನಾನು ಗೋಕಾಕ ಕಡೆಯವ. 2021ರಲ್ಲಿ ಸೈನ್ಯದ ಭರ್ತಿಯಲ್ಲಿ ಓಟ, ಮೆಡಿಕಲ್ ಎರಡೂ ಪಾಸಾಗಿದ್ದೆ. ಬರಹದ ಪರೀಕ್ಷೆಗೆ ಕಾಯುತ್ತಿದ್ದೆವು. 2022ರ ಜೂನ್‌ನಲ್ಲಿ ನಾಲ್ಕು ವರ್ಷದ ಸೇವೆಯ ಅಗ್ನಿಪಥ ಯೋಜನೆ ಬಂತು, ಹಳೆಯ ಭರ್ತಿ ಅಲ್ಲಿಗೇ ನಿಂತಿತು. ನನ್ನ ವಯಸ್ಸೂ ಮೀರಿತು. ಈಗ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಐದಕ್ಕೆ ಊರಿನ ಹನ್ನೊಂದು ಹುಡುಗರನ್ನು ಮೈದಾನದಲ್ಲಿ ಓಡಿಸುತ್ತೇನೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಅವರು ಬಂದು ನಿಲ್ಲುತ್ತಾರೆ ಅಂತಲೇ ಏಳುತ್ತೇನೆ. ಇಷ್ಟೇ ನನಗೆ ಗೊತ್ತಿರುವುದು.

ನವನಗರದ ಅಕ್ಕ
ಬುಧವಾರ, ಸಂಜೆ 6:45

ಎಲ್ಲರದ್ದೂ ಓದಿದೆ. ನನಗೆ ಈಗ 43. ನಿಮಗಿಂತ ತುಂಬಾ ಹಿಂದಿನ ಕತೆ, ಆದರೂ ಹೇಳುತ್ತೇನೆ.

ನಾವು ಹಳೇ ಬಾಗಲಕೋಟೆಯವರು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಘಟಪ್ರಭೆಯುದ್ದಕ್ಕೂ ಹಿಂದಕ್ಕೆ ಬಂದು ನಮ್ಮ ಪೇಟೆಯ ಒಂದು ಭಾಗವನ್ನು ತೆಗೆದುಕೊಂಡಿತು. ಅಪ್ಪನ ಕಿರಾಣಿ ಅಂಗಡಿ ಅಲ್ಲಿಯೇ ಇತ್ತು, ಅಜ್ಜನ ಕಾಲದ್ದು. ಮುಳುಗಡೆಯಾದವರಿಗೆ ಹೊಸದಾಗಿ ಕಟ್ಟಿದ ನವನಗರದಲ್ಲಿ ಸೈಟು ಸಿಕ್ಕಿತು, ಪರಿಹಾರವೂ ಬಂತು. ಆದರೆ ಗಿರಾಕಿ ಬರಲಿಲ್ಲ. ಹಳೇ ಪೇಟೆಯಲ್ಲಿ ಓಣಿಯ ಹೆಸರು ಹೇಳಿದರೆ ಸಾಕಿತ್ತು, ಎಲ್ಲರಿಗೂ ಎಲ್ಲರೂ ಗೊತ್ತು. ಇಲ್ಲಿ ಸೆಕ್ಟರ್ ನಂಬರು ಹೇಳಬೇಕು. ಅಗಲ ರಸ್ತೆ, ಪಕ್ಕದ ಮನೆಯಲ್ಲಿ ಯಾರಿದ್ದಾರೆ ಗೊತ್ತಿಲ್ಲ.

ಅಪ್ಪ ಮಾತು ಬಿಟ್ಟರು. ಬೆಳಿಗ್ಗೆ ಎದ್ದು ಸೈಕಲ್ ತೆಗೆದುಕೊಂಡು ಹಳೇ ಊರಿಗೆ ಹೋಗುವುದು, ನೀರಿನ ದಂಡೆಯಲ್ಲಿ ನಿಂತು ಮಧ್ಯಾಹ್ನ ಬರುವುದು. ನಾನು ಬಿ.ಎಸ್ಸಿ. ಎರಡನೇ ವರ್ಷ, ಇಬ್ಬರು ತಮ್ಮಂದಿರು. ನನಗೆ ಅಪ್ಪನ ಮೇಲೆ ಭಾರೀ ಸಿಟ್ಟು ಬಂದಿತ್ತು. ಎಲ್ಲರ ಅಂಗಡಿಯೂ ಹೋಗಿದೆ, ಇವರೊಬ್ಬರೇ ಯಾಕೆ ಹೀಗೆ ಅಂತ. ಅವರಿಗೆ ಅದು ಬರೀ ಅಂಗಡಿಯಾಗಿರಲಿಲ್ಲ ಅಂತ ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು. ಈಗ ಅದಕ್ಕೆ ತುಂಬಾ ಪಶ್ಚಾತ್ತಾಪ ಇದೆ.

ನಾನು ಮಾಡಿದ್ದು ಇಷ್ಟು. ಮನೆಯ ಮುಂದಿನ ಪಡಸಾಲೆಯಲ್ಲಿ ಗಣಿತದ ಟ್ಯೂಷನ್ ಶುರು ಮಾಡಿದೆ. ಮೊದಲ ತಿಂಗಳು ಮೂರು ಮಕ್ಕಳು. ಆ ಮಕ್ಕಳ ತಾಯಂದಿರು ಬರತೊಡಗಿದರು, ಅವರಿಂದ ನಮಗೆ ನೆರೆಹೊರೆ ಆಯಿತು. ಒಬ್ಬರು ಅಪ್ಪನನ್ನು ನೋಡಿ, ಕಾಕಾ, ನಿಮ್ಮ ಅಂಗಡಿಯ ಸಾಂಬಾರ ಪುಡಿ ಈಗ ಸಿಗುವುದಿಲ್ಲವೇ ಅಂದರು. ಅವರೂ ಹಳೇ ಪೇಟೆಯವರೇ. ಅಪ್ಪ ಆ ವಾರ ಒಂದು ಕಿಲೋ ಮೆಣಸಿನಕಾಯಿ ತಂದರು. ಆ ಪುಡಿಯಿಂದಲೇ ಮತ್ತೆ ಚಿಕ್ಕ ಅಂಗಡಿ ಆಯಿತು.

ಸಿಂದಗಿ ತಮ್ಮಾ, ನಿನ್ನ ಅಪ್ಪನೂ ಒಣಗಿದ ತೊಗರಿ ಹೊಲದ ಬದುವಿನಲ್ಲಿ ನಿಂತು ಬರುತ್ತಿರಬಹುದು. ನೀನು ರೂಮಿನಲ್ಲಿ, ಅವರು ಹೊಲದಲ್ಲಿ. ಇಬ್ಬರೂ ಒಬ್ಬರಿಂದ ಒಬ್ಬರು ಮುಚ್ಚಿಟ್ಟುಕೊಂಡು ಇದ್ದೀರಿ. ನನಗೆ ನಿನ್ನ ಪೋಸ್ಟಿನಲ್ಲಿ ಎಲ್ಲಕ್ಕಿಂತ ಸಂಕಟ ಆಗಿದ್ದು ಆ ಎರಡು ಸಾಲು: ಅವರು ಹೇಳುವುದಿಲ್ಲ, ನಾನು ಕೇಳುವುದಿಲ್ಲ.

ತಿಕೋಟಾ ದ್ರಾಕ್ಷಿ
ಬುಧವಾರ, ರಾತ್ರಿ 8:30

ನಾನು ಈ ವೇದಿಕೆಯಲ್ಲಿ ಔಷಧ, ದರ ಇಷ್ಟೇ ಕೇಳುವವನು. ಇದನ್ನು ನನ್ನ ಮಗಳು ಓದಿ ತೋರಿಸಿದಳು. ಅವಳ ಕೈಯಲ್ಲೇ ಬರೆಸುತ್ತಿದ್ದೇನೆ.

ನನಗೆ 56. ಆರು ಎಕರೆ ದ್ರಾಕ್ಷಿ. ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ (ಬಳ್ಳಿ ಕತ್ತರಿಸಿ ಸವರುವುದು), ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು. ಅಕ್ಟೋಬರ್ ಚಾಟ್ನಿ ಆದ ಮೇಲೆ ಮಳೆ ಹಿಡಿದರೆ ಹೂವು ಕೊಳೆಯುತ್ತದೆ. ಹಣ್ಣು ಕೈಗೆ ಬಂದು, ಒಣದ್ರಾಕ್ಷಿ ಮಾಡಲು ಶೆಡ್ಡಿನ ಬಲೆಯ ಮೇಲೆ ಹರವಿದಾಗ ಮಳೆ ಬಂದರೆ ಬಣ್ಣ ಹೋಗುತ್ತದೆ, ದರ ಅರ್ಧ ಆಗುತ್ತದೆ. ನಮ್ಮ ಸಾಲದ ಲೆಕ್ಕವನ್ನು ನಾನೂ ಮಕ್ಕಳಿಗೆ ಹೇಳುತ್ತಿರಲಿಲ್ಲ. ಓದುವ ಮಕ್ಕಳಿಗೆ ಯಾಕೆ ಭಾರ ಅಂತ.

ನನ್ನ ಮಗ ಧಾರವಾಡದಲ್ಲಿ ಓದುತ್ತಿದ್ದ. ಎರಡು ವರ್ಷ ಪಾಸಾಗಿಲ್ಲ ಅಂತ ಹೇಳಲೇ ಇಲ್ಲ. ಸಂತೆಯಲ್ಲಿ ಬೇರೆಯವರಿಂದ ಗೊತ್ತಾಯಿತು. ಫೇಲ್ ಆಗಿದ್ದಕ್ಕೆ ನನಗೆ ಏನೂ ಅನ್ನಿಸಲಿಲ್ಲ ಮಗಾ, ನಮ್ಮ ಬೆಳೆ ಎಷ್ಟು ಸಲ ಫೇಲ್ ಆಗಿಲ್ಲ? ಎರಡು ವರ್ಷ ಅವನು ಒಬ್ಬನೇ ಅದನ್ನು ಹೊತ್ತುಕೊಂಡು ತಿರುಗಿದ, ನಾನು ಪ್ರತಿ ತಿಂಗಳು ಫೋನಿನಲ್ಲಿ ಊಟ ಆಯಿತಾ ಅಂತ ಮಾತ್ರ ಕೇಳಿದೆ. ಅದು ಇವತ್ತಿಗೂ ಚುಚ್ಚುತ್ತದೆ.

ನಿಮ್ಮಪ್ಪನ ಹತ್ತಿರ ಹೋಗಿ ಕೂತು ಸಾಲ ಎಷ್ಟು ಅಂತ ಕೇಳು. ಕಾಗದದ ಮೇಲೆ ಬರೆ. ಬ್ಯಾಂಕಿನದು ಎಷ್ಟು, ಸೊಸೈಟಿಯದು ಎಷ್ಟು, ಕೈಸಾಲ ಎಷ್ಟು, ಯಾವುದರ ಬಡ್ಡಿ ಜಾಸ್ತಿ. ನಮ್ಮ ಮನೆಯಲ್ಲಿ ಮಗ ಬಂದು ಬರೆದ ಮೇಲೆ ಗೊತ್ತಾಯಿತು, ನಾನು ರಾತ್ರಿ ಲೆಕ್ಕ ಹಾಕಿ ಹೆದರುತ್ತಿದ್ದುದಕ್ಕಿಂತ ಅದು ಕಡಿಮೆಯೇ ಇತ್ತು. ಮೊದಲು ಕೈಸಾಲ ತೀರಿಸಿದೆವು. ಈಗ ಅವನೇ ತೋಟ ನೋಡುತ್ತಾನೆ, ಡ್ರಿಪ್ಪು, ಔಷಧ ಎಲ್ಲ ಅವನದೇ ಲೆಕ್ಕ.

ಮನಶ್ಶಾಸ್ತ್ರದ ಮೇಡಂ
ಗುರುವಾರ, ಬೆಳಿಗ್ಗೆ 10:10

ನಾನು ವಿಜಯಪುರದಲ್ಲಿ ಪದವಿ ಮಕ್ಕಳಿಗೆ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ಮೊದಲು ಒಂದು ಮುಖ್ಯ ಮಾತು, ಸಿಂದಗಿಯವರಿಗೆ.

ನೀವು ಬರೆದಿರುವುದರಲ್ಲಿ ನಿದ್ದೆ ಕೆಟ್ಟಿದೆ, ಓದಿದ್ದು ತಲೆಗೆ ಹತ್ತುತ್ತಿಲ್ಲ, ಜನರ ಜೊತೆ ಮಾತು ಬೇಡವಾಗಿದೆ, ಅದೂ ನಾಲ್ಕು ತಿಂಗಳಿಂದ. ಇಂಥದ್ದು ಎರಡು ವಾರಕ್ಕಿಂತ ಹೆಚ್ಚು ದಿನ ಇದ್ದರೆ ವೈದ್ಯರಿಗೆ ತೋರಿಸಬೇಕು. ಇದು ಸೋಮಾರಿತನ ಅಲ್ಲ, ಮನಸ್ಸು ಗಟ್ಟಿ ಇಲ್ಲ ಅಂತಲೂ ಅಲ್ಲ. ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. 14416 ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನದ 24 ತಾಸೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ, ಮಾನಸಿಕ ತಜ್ಞರು ಬರುತ್ತಾರೆ. ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ಕೇಳಿಕೊಂಡು ಹೋಗಿ. ಹೆಚ್ಚಿನದು ಬೇಕಾದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಬದುಕುವುದೇ ಬೇಡ ಅನ್ನುವ ಯೋಚನೆ ಒಮ್ಮೆಯಾದರೂ ಬಂದಿದ್ದರೆ ಮಂಗಳವಾರದವರೆಗೆ ಕಾಯಬೇಡಿ. ಈಗಲೇ ಫೋನು ಮಾಡಿ, ಈಗಲೇ ಯಾರನ್ನಾದರೂ ರೂಮಿಗೆ ಕರೆಸಿಕೊಳ್ಳಿ.

ಇನ್ನು ಮೇಲಿನವರು ಬರೆದದ್ದರ ಬಗ್ಗೆ. ನಾನು ತರಗತಿಯಲ್ಲಿ ಪ್ರತಿ ವರ್ಷ ಒಂದು ಅಧ್ಯಯನ ಹೇಳುತ್ತೇನೆ. ಹವಾಯಿಯಲ್ಲಿ ಕವಾಯ್ ಅನ್ನುವ ದ್ವೀಪ ಇದೆ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವೆರ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ನಲವತ್ತು ವರ್ಷದವರೆಗೆ ಹಿಂಬಾಲಿಸಿ ನೋಡಿದರು. ಬಡತನ, ಮನೆಯಲ್ಲಿ ಜಗಳ, ತಂದೆ ಅಥವಾ ತಾಯಿಗೆ ಕುಡಿತ ಇಲ್ಲವೇ ಮಾನಸಿಕ ಕಾಯಿಲೆ, ಹೀಗೆ ಹಲವು ಕಷ್ಟ ಒಟ್ಟಿಗೆ ಇದ್ದ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲು ಚೆನ್ನಾಗಿ ಬೆಳೆದರು. ಅವರ ಬಾಳಿನಲ್ಲಿ ಇದ್ದದ್ದೇನು ಅಂತ ನೋಡಿದರೆ, ಗಟ್ಟಿಯಾಗಿ ಬೆನ್ನಿಗಿದ್ದ ಒಬ್ಬ ಹಿರಿಯರು. ತಂದೆತಾಯಿಯೇ ಆಗಬೇಕೆಂದಿಲ್ಲ. ಅಜ್ಜಿ, ಸೋದರತ್ತೆ, ಮೇಷ್ಟರು ಯಾರಾದರೂ ಸರಿ. ಇನ್ನೊಂದು, ಮನೆಗಾಗಿಯೋ ಊರಿಗಾಗಿಯೋ ಮಾಡಬೇಕಾದ ಒಂದು ಕೆಲಸ. ಇಳಕಲ್ಲಿನವರ ಅವ್ವ, ಮಲಪ್ರಭೆಯವರ ಪಟ್ಟಿ, ಗೋಕಾಕದವರ ಹನ್ನೊಂದು ಹುಡುಗರು, ಎಲ್ಲ ಓದುವಾಗ ನನಗೆ ಅದೇ ನೆನಪಾಯಿತು.

ಆದರೆ ನಿಮಗೆ ಹೇಳಬೇಕಾದದ್ದು ಅದರ ಮುಂದಿನ ಭಾಗ. ಹದಿಹರೆಯದಲ್ಲಿ ದಾರಿ ತಪ್ಪಿದ್ದವರಲ್ಲೂ ಹೆಚ್ಚಿನವರು ಮೂವತ್ತು, ನಲವತ್ತರ ಹೊತ್ತಿಗೆ ಸರಿಯಾಗಿದ್ದರು. ಮತ್ತೆ ಕಾಲೇಜಿಗೆ ಸೇರಿದವರು, ಸೈನ್ಯಕ್ಕೆ ಹೋದವರು, ಒಳ್ಳೆಯ ಸಂಗಾತಿ ಸಿಕ್ಕವರು. ಅಂದರೆ ಎರಡನೇ ಅವಕಾಶ ಬಂದದ್ದು ಇಪ್ಪತ್ತು ದಾಟಿದ ಮೇಲೆ. 28ಕ್ಕೆ ಏನೂ ಮುಗಿದಿರುವುದಿಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ, ನಲವತ್ತು ವರ್ಷ ನೋಡಿ ಬರೆದದ್ದನ್ನು ಹೇಳುತ್ತಿದ್ದೇನೆ.

ಹೊಸ ಪದವೀಧರ
ಗುರುವಾರ, ಮಧ್ಯಾಹ್ನ 12:00

ಈಗ ಡಿಗ್ರಿ ಮುಗಿಸಿದವರಿಗೆ ಒಂದು ಮಾಹಿತಿ. ಯುವನಿಧಿಯಲ್ಲಿ ಪದವಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ಬರುತ್ತದೆ. ಮುಗಿದು 180 ದಿನ ಆದರೂ ಕೆಲಸ ಸಿಕ್ಕಿರಬಾರದು, ಗರಿಷ್ಠ 2 ವರ್ಷ ಕೊಡುತ್ತಾರೆ. ಸೇವಾಸಿಂಧುವಿನಲ್ಲಿ ಅರ್ಜಿ. 2019ರಲ್ಲಿ ಮುಗಿಸಿದ ಸಿಂದಗಿ ಅಣ್ಣನಿಗೆ ಇದು ಬರುವುದಿಲ್ಲ, ಆದರೆ ಇದನ್ನು ಓದುತ್ತಿರುವ ಬೇರೆಯವರಿಗೆ ರೂಮಿನ ಬಾಡಿಗೆಗಾದರೂ ಆಗುತ್ತದೆ.

ಸಿಂದಗಿ ಕಡೆಯವನು
ಹದಿನಾರು ದಿನದ ನಂತರ, ರಾತ್ರಿ 10:15

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಮಾತನ್ನೂ ಮೂರ್ನಾಲ್ಕು ಸಲ ಓದಿದೆ.

ಮೊದಲು ರೂಮ್‌ಮೇಟ್‌ಗೆ ಫೋನು ಮಾಡಿದೆ. ಅವನು ಒಂದು ಮಾತೂ ಬೈಯಲಿಲ್ಲ. ಭಾನುವಾರ ಬಂದ, ಇಬ್ಬರೂ ಗೋಳಗುಮ್ಮಟದ ಮುಂದೆ ಹುಲ್ಲಿನ ಮೇಲೆ ಕೂತೆವು. 14416ಕ್ಕೆ ನಾನು ಒಬ್ಬನೇ ಫೋನು ಮಾಡಲು ಆಗಿರಲಿಲ್ಲ, ಅವನು ಪಕ್ಕದಲ್ಲಿ ಕೂತಾಗ ಮಾಡಿದೆ. ಅರ್ಧ ತಾಸು ಮಾತಾಡಿದೆ. ಅವರು ಹೇಳಿದ ಮೇಲೆ ಮಂಗಳವಾರ ಆಸ್ಪತ್ರೆಗೂ ಹೋಗಿ ಬಂದೆ. ಗುಳಿಗೆ ಕೊಟ್ಟಿದ್ದಾರೆ. ಪರಿಣಾಮ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬೇಡ ಅಂದಿದ್ದಾರೆ. ನಿದ್ದೆ ಸ್ವಲ್ಪ ಸರಿಯಾಗಿದೆ.

ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದೆ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿದೆವು. ಈ ಸಲ ತೊಗರಿ ಕಡಿಮೆ ಮಾಡಿ ಬಿಳಿಜೋಳ ಹಾಕಿದ್ದಾರೆ. ನಮ್ಮ ಕಡೆ ಡೋಣಿ ಹೊಳೆಯ ಮೇಲೆ ಒಂದು ಗಾದೆ ಇದೆ, ಡೋಣಿ ಹರಿದರೆ ಓಣಿಯೆಲ್ಲ ಜೋಳ ಅನ್ನುತ್ತಾರೆ, ಎರಿಭೂಮಿಯ (ಕಪ್ಪು ಮಣ್ಣಿನ) ಹಸಿ ಹಿಡಿದುಕೊಂಡೇ ಬೆಳೆಯುವ ಬೆಳೆ ಅದು. ಮೊಣಕಾಲು ಮಟ್ಟ ಬಂದಿತ್ತು. ಊಟ ಆದ ಮೇಲೆ ಎಲ್ಲರೂ ಗಾಡಿ ಹತ್ತಿದರು. ನಾನು ಅಪ್ಪನನ್ನು ಅಲ್ಲೇ ಬನ್ನಿ ಗಿಡದ ಕೆಳಗೆ ಕೂರಿಸಿದೆ. ಫಲಿತಾಂಶ ಯಾವಾಗಲೋ ಬಂದಿದೆ, ಆಗಿಲ್ಲ ಅಂದೆ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, ನನಗೆ ಗೊತ್ತಿತ್ತು ಅಂದರು. ದೀಪಾವಳಿಗೆ ಬಂದಾಗ ನನ್ನ ಮುಖ ನೋಡಿಯೇ ಗೊತ್ತಾಗಿತ್ತಂತೆ. ನಾನು ಹೇಳಲಿ ಅಂತ ಕಾಯುತ್ತಿದ್ದರಂತೆ.

ತಿಕೋಟಾದ ಕಾಕಾ, ನೀವು ಹೇಳಿದ ಹಾಗೆ ಸಾಲ ಬರೆದೆವು. ನಮ್ಮದು ನೀವು ಹೇಳಿದ ಹಾಗೆ ಕಡಿಮೆ ಇರಲಿಲ್ಲ, ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ. ಅದರಲ್ಲಿ ಕೈಸಾಲವೇ ಅರ್ಧ. ಆದರೂ ಅದು ಈಗ ಒಂದು ನೋಟ್‌ಬುಕ್ಕಿನಲ್ಲಿ ಇದೆ, ಇಬ್ಬರಿಗೂ ಗೊತ್ತಿದೆ. ಅಪ್ಪನೂ ಆ ರಾತ್ರಿ ಎರಡು ರೊಟ್ಟಿ ಜಾಸ್ತಿ ಉಂಡರು.

ವಿಜಯಪುರದ ರೂಮು ಬಿಟ್ಟೆ. ಸಿಂದಗಿಯಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಎರಡರವರೆಗೆ ಲೆಕ್ಕ ಬರೆಯುವ ಕೆಲಸ ಹಿಡಿದೆ. ಸಂಜೆ ಓದು. ಇನ್ನೂ ಎರಡು ಪರೀಕ್ಷೆ ಬರೆಯುತ್ತೇನೆ, ಆಮೇಲೆ ಏನು ಅಂತ ಅಪ್ಪನ ಜೊತೆ ಕೂತು ನೋಡುವುದು ಅಂತ ಮಾಡಿದ್ದೇವೆ. ನಿನ್ನೆ ಸಂಜೆ ಪುಸ್ತಕ ತೆರೆದೆ, ನಲವತ್ತು ನಿಮಿಷ ಓದಲು ಆಯಿತು. ಕೆಲವು ದಿನ ಇನ್ನೂ ಏಳಲು ಕಷ್ಟ ಆಗುತ್ತದೆ.

ನವನಗರದ ಅಕ್ಕ, ಆ ಎರಡು ಸಾಲು ನೀವು ತೋರಿಸದಿದ್ದರೆ ನನಗೆ ಕಾಣುತ್ತಿರಲಿಲ್ಲ.

ಇಳಕಲ್ ತಂಗಿ, ನಿಮ್ಮ ಮನೆಯಲ್ಲಿ ಏನಾಯಿತು? ಫಲಿತಾಂಶ ಬಂತಾ?

ಉದ್ಯಮಬಾಗ ಎರಡನೇ ಪಾಳಿ
ಅದೇ ರಾತ್ರಿ, 11:05

ಓದಿ ಭಾಳ ಖುಷಿಯಾಯಿತು ತಮ್ಮಾ. ಗುಳಿಗೆ ಮಾತ್ರ ಬಿಡಬೇಡ. ತಂಗಿ, ನಾನೂ ನಿನ್ನ ಉತ್ತರಕ್ಕೆ ಕಾಯುತ್ತಿದ್ದೇನೆ.

ಇಳಕಲ್ ಹುಡುಗಿ
ಮರುದಿನ, ಬೆಳಿಗ್ಗೆ 6:30

ಅಣ್ಣ, ನೀವು ಅಪ್ಪನ ಹತ್ತಿರ ಹೇಳಿದ್ದು ಓದಿ ಅವ್ವನಿಗೂ ಹೇಳಿದೆ. ನನ್ನ ಫಲಿತಾಂಶ ಇನ್ನೂ ಬಂದಿಲ್ಲ. ಹೋದ ವಾರ ನೋಡಲು ಬರುವವರಿದ್ದರು, ಯುಗಾದಿವರೆಗೆ ತಡೆಯಿರಿ ಅಂತ ಅವ್ವ ಅಪ್ಪನಿಗೆ ಹೇಳಿದ್ದಾರೆ. ಅಪ್ಪ ಹೂಂ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ. ಇವತ್ತು ಹೊಸ ಹಾಸು, ಕೊಂಡಿ ಹಾಕಬೇಕು. ಮುಗಿಸಿ ರಾತ್ರಿ ಬರೆಯುತ್ತೇನೆ.